ಮೀಟಿದೊಡನೆ ಆರತೊಡಗುವ ಸ್ವರ: ಜಾಝ್ ಗಿಟಾರಿನಲ್ಲಿ ಬ್ಯಾಲಡ್ ಕಟ್ಟುವ ಕ್ರಮ

ಬ್ಯಾಲಡ್ ಎಂಬ ಪದಕ್ಕೆ ನಿಘಂಟುಗಳು ಲಾವಣಿ ಎಂದೋ ಕಥನಗೀತೆ ಎಂದೋ ಅರ್ಥ ಕೊಡುತ್ತವೆ. ಜಾಝ್ ಸಂಗೀತಗಾರರು ಈ ಮಾತನ್ನು ಬಳಸುವಾಗ ಅವರ ಮನಸ್ಸಿನಲ್ಲಿರುವುದು ಕಥೆಯಲ್ಲ, ಗತಿ. ನಿಮಿಷಕ್ಕೆ ಸುಮಾರು 50ರಿಂದ 70 ಬೀಟುಗಳಷ್ಟು ನಿಧಾನವಾಗಿ ಸಾಗುವ, ಬಹುಮಟ್ಟಿಗೆ 32 ಬಾರುಗಳ (ಒಂದು ಬಾರೆಂದರೆ ಇಲ್ಲಿ ನಾಲ್ಕು ಬೀಟುಗಳ ಒಂದು ಆವರ್ತ), ಅಂತರ್ಮುಖಿಯಾದ ಒಂದು ಹಾಡು. ಇಂತಹ ಹಾಡನ್ನು ಗಿಟಾರಿನಲ್ಲಿ ನುಡಿಸಲು ಹೊರಟವರಿಗೆ ಮೊದಲ ದಿನವೇ ಎದುರಾಗುವ ತೊಡಕೊಂದಿದೆ. ಸ್ಯಾಕ್ಸೊಫೋನ್ ನುಡಿಸುವವರು ಒಂದು ಸ್ವರವನ್ನು ಹಿಡಿದು ಉಸಿರಿನಿಂದ ಅದನ್ನು ಉಬ್ಬಿಸಬಲ್ಲರು, ಪಿಟೀಲು ನುಡಿಸುವವರು ಕಮಾನಿನಿಂದ ಅದನ್ನೇ ಮಾಡಬಲ್ಲರು. ಗಿಟಾರಿನ ಸ್ವರವಾದರೋ ಮೀಟಿದ ಮರುಕ್ಷಣದಿಂದಲೇ ಕುಗ್ಗತೊಡಗುತ್ತದೆ. 60 ಬೀಟಿನ ಗತಿಯಲ್ಲಿ ಒಂದು ಪೂರ್ಣ ಬಾರಿನ ಸ್ವರ ನಾಲ್ಕು ಸೆಕೆಂಡು ನಿಲ್ಲಬೇಕು, ಮತ್ತು ಆ ನಾಲ್ಕು ಸೆಕೆಂಡುಗಳಲ್ಲಿ ಮೊದಲ ಅರ್ಧ ಸೆಕೆಂಡನ್ನು ಬಿಟ್ಟರೆ ಉಳಿದದ್ದರ ಮೇಲೆ ನಮಗೆ ಹೆಚ್ಚಿನ ಹಿಡಿತವಿರುವುದಿಲ್ಲ.

ಕಾರ್ಡುಗಳ ಆಯ್ಕೆ, ಕೈಯ ತೂಕ, ಮೌನದ ಅಳತೆ ಎಲ್ಲವೂ ಹೀಗೆ ಆರುವ ಸ್ವರದ ಸುತ್ತ ನಿರ್ಧಾರವಾಗುತ್ತವೆ ಎಂಬುದು ನನ್ನ ಅನುಭವ, ಮತ್ತು ಮುಂದಿನ ಹೆಜ್ಜೆಗಳನ್ನು ಆ ನೆಲೆಯಿಂದಲೇ ಬರೆದಿದ್ದೇನೆ. ಸಾಮಾನ್ಯ ಕಾರ್ಡುಗಳನ್ನು ಹಿಡಿಯಬಲ್ಲ, ಫ್ರೆಟ್ ಸಂಖ್ಯೆಗಳನ್ನು ಅನುಸರಿಸಬಲ್ಲ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ತಂತಿಗಳನ್ನು ತೆಳುವಾದದ್ದರಿಂದ ಎಣಿಸಬೇಕು: ಅತಿ ತೆಳುವಾದದ್ದು ಒಂದನೆಯದು, ಅತಿ ದಪ್ಪನೆಯದು ಆರನೆಯದು.

ಮೊದಲು ಹಾಡು, ಆಮೇಲೆ ಗಿಟಾರ್

ವಾದ್ಯವನ್ನು ಕೈಗೆತ್ತಿಕೊಳ್ಳುವ ಮೊದಲು ರಾಗವನ್ನು ಬಾಯಲ್ಲಿ ಹಾಡಲು ಕಲಿಯಿರಿ. ಹಾಡಿಗೆ ಸಾಹಿತ್ಯವಿದ್ದರೆ ಅದನ್ನೂ ಕಲಿಯಬೇಕು, ಏಕೆಂದರೆ ಸಾಲು ಎಲ್ಲಿ ಮುಗಿಯುತ್ತದೆ, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂಬುದು ಪದಗಳಿಂದ ತಿಳಿದಷ್ಟು ಸ್ಪಷ್ಟವಾಗಿ ಬರಿಯ ಸ್ವರಲಿಪಿಯಿಂದ ತಿಳಿಯುವುದಿಲ್ಲ. ಗಿಟಾರ್ ನುಡಿಸಲು ಉಸಿರು ಬೇಕಾಗಿಲ್ಲ. ಹಾಗಾಗಿಯೇ ಗಿಟಾರ್ ವಾದಕರು ಉಸಿರಿಲ್ಲದ ಸಾಲುಗಳನ್ನು ನುಡಿಸುತ್ತಲೇ ಹೋಗುತ್ತಾರೆ.

ಹಾಡಿನ ರಚನೆಯನ್ನು ಗುರುತಿಸುವುದು ಮುಂದಿನ ಕೆಲಸ. 32 ಬಾರುಗಳ ಬ್ಯಾಲಡ್‌ಗಳಲ್ಲಿ ಹೆಚ್ಚಿನವು ಎಂಟೆಂಟು ಬಾರುಗಳ ನಾಲ್ಕು ಭಾಗಗಳಾಗಿರುತ್ತವೆ: ಒಂದೇ ರಾಗ ಎರಡು ಸಲ, ಬಳಿಕ ಬ್ರಿಡ್ಜ್ ಎಂದು ಕರೆಯಲಾಗುವ ಬೇರೊಂದು ಭಾಗ, ಕೊನೆಗೆ ಮತ್ತೆ ಮೊದಲಿನ ರಾಗ. ಬ್ರಿಡ್ಜ್‌ನಲ್ಲಿ ಹಾಡು ಮನೆಯಿಂದ ಹೊರಗೆ ಕಾಲಿಡುತ್ತದೆ. 1930ರಲ್ಲಿ ಜಾನಿ ಗ್ರೀನ್ ರಾಗ ಸಂಯೋಜಿಸಿದ ‘ಬಾಡಿ ಆ್ಯಂಡ್ ಸೋಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಸಾಮಾನ್ಯವಾಗಿ ಡಿ ಫ್ಲ್ಯಾಟ್ ಮೇಜರಿನಲ್ಲಿ ನುಡಿಸುತ್ತಾರೆ. ಬ್ರಿಡ್ಜ್ ಬಂದೊಡನೆ ಹಾಡು ಅರ್ಧ ಸ್ವರ ಮೇಲೇರಿ ಡಿ ಮೇಜರಿನಲ್ಲಿ ನೆಲೆಯೂರುತ್ತದೆ, ನಾಲ್ಕು ಬಾರುಗಳ ನಂತರ ಸಿ ಮೇಜರಿಗೆ ಇಳಿಯುತ್ತದೆ, ಅಲ್ಲಿಂದ ಮೆಲ್ಲನೆ ಮನೆಗೆ ಮರಳುತ್ತದೆ. ಗಿಟಾರಿನಲ್ಲಿ ಅರ್ಧ ಸ್ವರವೆಂದರೆ ಒಂದೇ ಫ್ರೆಟ್ಟಿನ ದೂರ, ಆದರೆ ಕಿವಿಗೆ ಅದು ಕೋಣೆಯ ಬೆಳಕೇ ಬದಲಾದಂತೆ ಕೇಳುತ್ತದೆ. ನೀವು ಆರಿಸಿಕೊಂಡ ಹಾಡಿನಲ್ಲಿ ಇಂತಹ ಜಾಗ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಮುಂದೆ ಧ್ವನಿಯ ಏರಿಳಿತವನ್ನು ಯೋಜಿಸುವಾಗ ಅದೇ ನಿಮ್ಮ ಶಿಖರವಾಗುತ್ತದೆ.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಗಿಟಾರ್ ತನ್ನ ಸ್ವರಲಿಪಿಗಿಂತ ಒಂದು ಆಕ್ಟೇವ್, ಎಂದರೆ ಒಂದು ಸ್ಥಾಯಿ, ಕೆಳಗೆ ಕೇಳಿಸುವ ವಾದ್ಯ. ಹಾಡಿನ ಪುಸ್ತಕದಲ್ಲಿರುವ ರಾಗವನ್ನು ಬರೆದಂತೆಯೇ ನುಡಿಸಿದರೆ ಅದು ನಡುವಿನ ತಂತಿಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಕೆಳಗೆ ಕಾರ್ಡುಗಳಿಗೆ ಜಾಗವೇ ಉಳಿಯುವುದಿಲ್ಲ. ರಾಗವನ್ನು ಒಂದು ಆಕ್ಟೇವ್ ಮೇಲಕ್ಕೆ ಎತ್ತಿ, ಬಹುಪಾಲು ಮೊದಲ ಎರಡು ತಂತಿಗಳಲ್ಲಿ ಕೂರುವಂತೆ ನೋಡಿಕೊಳ್ಳಿ. ಆಗಲೂ ಹೊಂದದಿದ್ದರೆ ಹಾಡಿನ ಕೀಯನ್ನೇ ಬದಲಾಯಿಸಿ. ಒಬ್ಬರೇ ನುಡಿಸುವಾಗ ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಗತಿ

60 ಬೀಟಿನ ಗತಿಯಲ್ಲಿ, ಬಾರಿಗೆ ನಾಲ್ಕು ಬೀಟಿನಂತೆ, 32 ಬಾರುಗಳು ಮುಗಿಯಲು 2 ನಿಮಿಷ 8 ಸೆಕೆಂಡು ಬೇಕು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಒಮ್ಮೆ ನಾನು ಮೆಟ್ರೊನೋಮನ್ನು 60ಕ್ಕೆ ಇಟ್ಟು, ಎರಡು ಬಾರು ಕೇಳಿ, ಅದನ್ನು ನಿಲ್ಲಿಸಿ, ಒಂದು ಸುತ್ತು ನುಡಿಸಿ ಫೋನಿನಲ್ಲಿ ಮುದ್ರಿಸಿಕೊಂಡೆ. ತುಂಬಾ ತಾಳ್ಮೆಯಿಂದ ನುಡಿಸಿದ್ದೇನೆ ಎಂದೇ ನಂಬಿದ್ದೆ. ಮುದ್ರಣ 1 ನಿಮಿಷ 52 ಸೆಕೆಂಡಿಗೆ ಮುಗಿದಿತ್ತು. ಅಂದರೆ ಸರಾಸರಿ ಗತಿ 68ನ್ನು ದಾಟಿತ್ತು. ದೀರ್ಘ ಸ್ವರ ಆರಿದೊಡನೆ ಆ ಖಾಲಿತನವನ್ನು ತಾಳಲಾರದೆ ಮುಂದಿನ ಬಾರಿಗೆ ಹಾರಿಕೊಂಡದ್ದೇ ಅದಕ್ಕೆ ಕಾರಣ. ಗತಿ ಏರುವುದು ರಾಗ ಓಡುವಲ್ಲಿ ಅಲ್ಲ, ರಾಗ ನಿಲ್ಲುವಲ್ಲಿ.

ಇದಕ್ಕೆ ಮದ್ದು ಒಳಗೊಳಗೇ ಎಣಿಸುವುದು. ಪ್ರತಿ ಬೀಟನ್ನು ಮನಸ್ಸಿನಲ್ಲಿ ಮೂರು ಸಮಭಾಗ ಮಾಡಿ ಎಣಿಸಿಕೊಳ್ಳುತ್ತಿದ್ದರೆ ನಿಧಾನಗತಿಯೂ ಖಾಲಿಯೆನಿಸುವುದಿಲ್ಲ. ಕೆಲವು ದಿನಗಳ ನಂತರ ಮೆಟ್ರೊನೋಮನ್ನು 30ಕ್ಕೆ ಇಳಿಸಿ, ಕೇಳುವ ಪ್ರತಿ ಟಿಕ್ಕನ್ನು ಎರಡನೆಯ ಮತ್ತು ನಾಲ್ಕನೆಯ ಬೀಟುಗಳೆಂದು ಭಾವಿಸಿ ನುಡಿಸಿ. ಹಳೆಯ ಕಾಲದ ಕೀಲಿ ಕೊಡುವ ಮೆಟ್ರೊನೋಮುಗಳು ಸಾಮಾನ್ಯವಾಗಿ 40ಕ್ಕಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಫೋನಿನ ಆ್ಯಪ್ ಬೇಕಾಗುತ್ತದೆ. ಎರಡು ಟಿಕ್ಕುಗಳ ನಡುವಿನ ಎರಡು ಸೆಕೆಂಡು ಮೊದಮೊದಲು ಅಸಹನೀಯ ಎನಿಸುವುದು ಸಹಜ.

ನಾದ

1936ರಲ್ಲಿ ಗಿಬ್ಸನ್ ಕಂಪನಿ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಆ ಬಗೆಯ ಗಿಟಾರಿನಲ್ಲಿ ಊದುವ ವಾದ್ಯಗಳಿಗೆ ಸಮಸಮನಾಗಿ ಏಕಸ್ವರದ ಸಾಲುಗಳನ್ನು ನುಡಿಸಿ ತೋರಿಸಿದರು. ವಿದ್ಯುತ್ತಿನಿಂದ ಗಿಟಾರಿಗೆ ಜೋರು ದನಿ ಬಂತು ಎಂದೇ ಎಲ್ಲರೂ ಹೇಳುವುದು. ಬ್ಯಾಲಡ್ ನುಡಿಸುವವರಿಗೆ ಅದರಿಂದ ಆದ ಲಾಭ ಮೆಲ್ಲಗೆ ಮೀಟುವ ಸ್ವಾತಂತ್ರ್ಯ. ಮೆಲ್ಲಗೆ ಮೀಟಿದರೂ ಕೇಳುತ್ತದೆ ಎಂದಾದ ಮೇಲೆ ಬಲದ ಹಂಗು ತಪ್ಪಿತು.

ಆದ್ದರಿಂದ ಆ್ಯಂಪ್ಲಿಫೈಯರಿನ ವಾಲ್ಯೂಮನ್ನು ನಿಮಗೆ ಬೇಕೆನಿಸುವುದಕ್ಕಿಂತ ತುಸು ಹೆಚ್ಚೇ ಇಟ್ಟು ಕೈಯನ್ನು ಹಗುರ ಮಾಡಿಕೊಳ್ಳಿ. ಕುತ್ತಿಗೆಯ ಬದಿಯ ಪಿಕಪ್ ಆರಿಸಿ. ಟೋನ್ ಗುಂಡಿಯನ್ನು ಅರ್ಧದಷ್ಟು ಇಳಿಸಿ, ಆದರೆ ಪೂರ್ತಿ ಮುಚ್ಚಬೇಡಿ, ಮುಚ್ಚಿದರೆ ನಾದ ಕಂಬಳಿ ಹೊದ್ದಂತಾಗುತ್ತದೆ. ರಿವರ್ಬ್, ಎಂದರೆ ಆ್ಯಂಪ್ಲಿಫೈಯರ್ ಸೇರಿಸುವ ಅನುರಣನ, ಅತ್ಯಲ್ಪವಾಗಿರಲಿ. ರಿವರ್ಬ್ ಹೆಚ್ಚಿಸಿ ಆರುವ ಸ್ವರವನ್ನು ಮುಚ್ಚಿಡುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಆಗ ಒಂದು ಕಾರ್ಡಿನ ನೆರಳು ಮುಂದಿನದರ ಮೇಲೆ ಬಿದ್ದು ಎರಡೂ ಕೆಡುತ್ತವೆ. ತಂತಿಯನ್ನು ಎಲ್ಲಿ ಮೀಟುತ್ತೀರಿ ಎಂಬುದು ಗುಂಡಿಗಳಿಗಿಂತ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ. ತೆರೆದ ತಂತಿಯನ್ನು ಅದರ ನಟ್ಟನಡುವೆ, ಎಂದರೆ 12ನೆಯ ಫ್ರೆಟ್ಟಿನ ಮೇಲೆ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಬಹುತೇಕ ಏಳುವುದೇ ಇಲ್ಲ. ನಾದ ದುಂಡಗೆ, ಕ್ಲಾರಿನೆಟ್ಟಿಗೆ ಹತ್ತಿರವಾಗಿ ಕೇಳುತ್ತದೆ. ಬ್ರಿಡ್ಜಿನ ಕಡೆಗೆ, ಇಲ್ಲಿ ಹಾಡಿನ ಬ್ರಿಡ್ಜ್ ಅಲ್ಲ, ತಂತಿಗಳು ಕೂರುವ ಕುದುರೆ, ಕೈ ಸರಿದಷ್ಟೂ ನಾದ ತೆಳುವಾಗಿ ಹರಿತವಾಗುತ್ತದೆ. ಕುತ್ತಿಗೆ ಮುಗಿಯುವ ಜಾಗ ಬ್ಯಾಲಡ್‌ಗೆ ಹೇಳಿ ಮಾಡಿಸಿದ್ದು. ವೆಸ್ ಮಾಂಟ್‌ಗಮರಿ ಪಿಕ್ ಬಿಟ್ಟು ಹೆಬ್ಬೆರಳಿನಿಂದಲೇ ನುಡಿಸುತ್ತಿದ್ದರು. ಹೆಬ್ಬೆರಳ ಮಾಂಸಲ ಭಾಗ ತಂತಿಗೆ ತಾಗುವಾಗ ಟಿಕ್ ಎಂಬ ಆರಂಭದ ಸದ್ದು ಕಡಿಮೆಯಾಗುತ್ತದೆ, ಮತ್ತು ಸ್ವರದ ಮೊದಲ ಕ್ಷಣಕ್ಕೂ ಮುಂದಿನ ಕ್ಷಣಗಳಿಗೂ ನಡುವಿನ ಅಂತರ ಕಿರಿದಾಗುತ್ತದೆ. ಆರುವುದು ಅಷ್ಟಾಗಿ ಎದ್ದು ಕಾಣದಿರಲು ಇದೇ ಸರಳ ದಾರಿ.

ಮೂರು ಕಾರ್ಡುಗಳನ್ನು ಹತ್ತಿರದಿಂದ ನೋಡುವುದು

ಬ್ಯಾಲಡ್‌ಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನಡೆಯನ್ನು ಜಿ ಮೇಜರಿನಲ್ಲಿ ತೆಗೆದುಕೊಳ್ಳೋಣ: ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಮೇಜರ್ ಸೆವೆನ್, ಒಂದೊಂದಕ್ಕೂ ಒಂದು ಬಾರು. ಆರು ತಂತಿಗಳನ್ನೂ ತುಂಬಿಸುವ ಬ್ಯಾರೆ ಕಾರ್ಡುಗಳನ್ನು ಮರೆತುಬಿಡಿ. ಮೊದಲನೆಯದಕ್ಕೆ ಆರನೆಯ ತಂತಿಯ 5ನೆಯ ಫ್ರೆಟ್, ನಾಲ್ಕನೆಯ ತಂತಿಯ 5, ಮೂರನೆಯ ತಂತಿಯ 5. ಎರಡನೆಯದಕ್ಕೆ ಐದನೆಯ ತಂತಿಯ 5, ನಾಲ್ಕನೆಯ ತಂತಿಯ 4, ಮೂರನೆಯ ತಂತಿಯ 5. ಮೂರನೆಯದಕ್ಕೆ ಆರನೆಯ ತಂತಿಯ 3, ನಾಲ್ಕನೆಯ ತಂತಿಯ 4, ಮೂರನೆಯ ತಂತಿಯ 4. ಒಂದೊಂದು ಕಾರ್ಡಿಗೂ ಮೂರೇ ಸ್ವರಗಳು.

ಈಗ ತಳಸ್ವರವನ್ನು ಬಿಟ್ಟು ನಡುವಿನ ಎರಡು ತಂತಿಗಳನ್ನಷ್ಟೇ ನುಡಿಸಿ ಕೇಳಿ. ಮೊದಲ ಕಾರ್ಡಿನಿಂದ ಎರಡನೆಯದಕ್ಕೆ ಹೋಗುವಾಗ ನಾಲ್ಕನೆಯ ತಂತಿಯ ಸ್ವರವೊಂದೇ ಒಂದು ಫ್ರೆಟ್ ಕೆಳಗಿಳಿಯುತ್ತದೆ, ಮೂರನೆಯ ತಂತಿಯದು ಅಲ್ಲೇ ನಿಲ್ಲುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮೂರನೆಯ ತಂತಿಯದು ಒಂದು ಫ್ರೆಟ್ ಇಳಿಯುತ್ತದೆ, ನಾಲ್ಕನೆಯದು ನಿಲ್ಲುತ್ತದೆ. ಒಬ್ಬರು ನಡೆದಾಗ ಇನ್ನೊಬ್ಬರು ಕಾಯುತ್ತಾರೆ. ಮೂರು ಬಾರುಗಳ ಸಂಗೀತ ಒಟ್ಟು ಎರಡೇ ಫ್ರೆಟ್ಟಿನ ಚಲನೆಯಲ್ಲಿ ಅಡಗಿದೆ, ಮತ್ತು ಬ್ಯಾಲಡ್‌ನ ಧ್ಯಾನಸ್ಥ ಗುಣದ ಬಹುಭಾಗ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಈ ಎರಡು ತಂತಿಗಳನ್ನೇ ಒಂದು ವಾರ ನುಡಿಸಿದರೂ ನಷ್ಟವಿಲ್ಲ.

ಇದರ ಮೇಲೆ ರಾಗವಾಗಿ ಒಂದೇ ಸ್ವರವನ್ನು ಇಡೋಣ: ಎರಡನೆಯ ತಂತಿಯ 5ನೆಯ ಫ್ರೆಟ್, ಇ. ಅದನ್ನು ಮೂರೂ ಕಾರ್ಡುಗಳ ಮೇಲೆ ಹಾಗೆಯೇ ಹಿಡಿದು, ಕೊನೆಯ ಬಾರಿನ ಮೂರನೆಯ ಬೀಟಿನಲ್ಲಿ ಮಾತ್ರ 3ನೆಯ ಫ್ರೆಟ್ಟಿಗೆ, ಡಿ ಸ್ವರಕ್ಕೆ ಇಳಿಸಿ. ರಾಗ ಅಲುಗಾಡಲಿಲ್ಲ, ಆದರೂ ಅದರ ಬಣ್ಣ ಮೂರು ಸಲ ಬದಲಾಯಿತು: ಮೊದಲ ಕಾರ್ಡಿಗೆ ಅದು ಐದನೆಯ ಸ್ವರ, ಎರಡನೆಯದಕ್ಕೆ ಒಂಬತ್ತನೆಯದು, ಮೂರನೆಯದಕ್ಕೆ ಆರನೆಯದು. ಎರಡನೆಯ ಕಾರ್ಡಿನ ಮೇಲೆ ಅದು ತೂಗಾಡುತ್ತದೆ, ಮೂರನೆಯದರ ಮೇಲೆ ಬಂದರೂ ಇನ್ನೂ ಪೂರ್ತಿ ಕುಳಿತಿಲ್ಲ ಎನಿಸುತ್ತದೆ, ಡಿ ಬಂದಾಗ ಸಮಾಧಾನವಾಗುತ್ತದೆ.

ಇನ್ನೊಂದು ಬಗೆಯಲ್ಲಿ, ರಾಗವನ್ನೂ ಇಳಿಸಬಹುದು. ಎರಡನೆಯ ತಂತಿಯಲ್ಲಿ ಮೊದಲ ಬಾರಿನಲ್ಲಿ 5ನೆಯ ಫ್ರೆಟ್, ಎರಡನೆಯದರಲ್ಲಿ 4, ಮೂರನೆಯದರಲ್ಲಿ 3. ನಡುವಿನ ಕಾರ್ಡ್ ಈಗ ಡಿ ಸೆವೆನ್ ಫ್ಲ್ಯಾಟ್ ನೈನ್ ಆಗುತ್ತದೆ, ಅದರಲ್ಲೊಂದು ಸಣ್ಣ ನೋವಿದೆ. ಅದೇ ಕಾರ್ಡಿನಲ್ಲಿ ತಳಸ್ವರವನ್ನು ಐದನೆಯ ತಂತಿಯ 5ರಿಂದ ತೆಗೆದು ಆರನೆಯ ತಂತಿಯ 4ಕ್ಕೆ ಇಟ್ಟರೆ, ಬೇರೆ ಯಾವ ಬೆರಳೂ ಜಾಗ ಬಿಡದೆ, ಕಾರ್ಡು ಎ ಫ್ಲ್ಯಾಟ್ ಸೆವೆನ್ ಆಗುತ್ತದೆ. ಎರಡು ಕಾರ್ಡುಗಳ ನಡುಸ್ವರಗಳೂ ಒಂದೇ ಆಗಿರುವುದರಿಂದ ಈ ಅದಲುಬದಲು ಸಾಧ್ಯ. ಡಿ ಮತ್ತು ಎ ಫ್ಲ್ಯಾಟ್ ನಡುವೆ ಟ್ರೈಟೋನ್, ಎಂದರೆ ಮೂರು ಪೂರ್ಣ ಸ್ವರಗಳ ದೂರ ಇರುವುದರಿಂದ, ಟ್ರೈಟೋನ್ ಬದಲಾವಣೆ ಎಂದು ಸಂಗೀತಗಾರರು ಕರೆಯುವುದು ಇದನ್ನೇ. ಆಗ ತಳಸ್ವರವೂ ರಾಗವೂ ಜೊತೆಜೊತೆಯಾಗಿ 5, 4, 3 ಎಂದು ಮೆಟ್ಟಿಲಿಳಿಯುತ್ತವೆ. ಮೊದಲ ಸಲ ಕೇಳಿದಾಗ ಇದು ಎಷ್ಟು ರುಚಿಸುತ್ತದೆಂದರೆ ಎಲ್ಲ ಕಡೆಯೂ ಹಾಕುವ ಮನಸ್ಸಾಗುತ್ತದೆ. ಎಲ್ಲ ಸ್ವರಗಳೂ ಒಂದೇ ದಿಕ್ಕಿಗೆ ಜಾರುವುದರಿಂದ ಪದೇ ಪದೇ ಬಂದಾಗ ಅದು ಬೇಗ ಸಪ್ಪೆಯಾಗುತ್ತದೆ. ಮೊದಲ ಎಂಟು ಬಾರುಗಳಲ್ಲಿ ಡಿ ತಳಸ್ವರವನ್ನೇ ಉಳಿಸಿಕೊಂಡು, ರಾಗ ಎರಡನೆಯ ಸಲ ಬಂದಾಗ ಮಾತ್ರ ಎ ಫ್ಲ್ಯಾಟನ್ನು ತರುವುದು ನನ್ನ ರೂಢಿ.

ಆರುವ ಸ್ವರದ ಮಟ್ಟದಿಂದ ಮುಂದುವರಿಯುವುದು

ಈ ಹೆಜ್ಜೆ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಹೆಚ್ಚಿನವರು ಇದನ್ನು ಅಭ್ಯಾಸ ಮಾಡುವುದೇ ಇಲ್ಲ. ಎರಡನೆಯ ತಂತಿಯ ಇ ಸ್ವರವನ್ನು ಮೀಟಿ ನಾಲ್ಕು ಎಣಿಸಿ. ನಾಲ್ಕರ ಹೊತ್ತಿಗೆ ಅದು ಎಷ್ಟು ಕುಗ್ಗಿದೆ ಎಂದು ಕೇಳಿ. ಈಗ ಮುಂದಿನ ಸ್ವರವನ್ನು ಮೊದಲನೆಯದು ಹುಟ್ಟಿದ ಜೋರಿನಲ್ಲಿ ಮೀಟಿದರೆ ಕೇಳುವವರಿಗೆ ಎರಡು ಪ್ರತ್ಯೇಕ ಪೆಟ್ಟುಗಳು ಕೇಳುತ್ತವೆ. ಬದಲಿಗೆ, ಮೊದಲನೆಯದು ಈಗ ತಲುಪಿರುವ ಮಟ್ಟಕ್ಕಿಂತ ಕೂದಲೆಳೆಯಷ್ಟೇ ಹೆಚ್ಚಿನ ಬಲದಲ್ಲಿ ಎರಡನೆಯದನ್ನು ಮೀಟಿ. ಎರಡೂ ಒಂದೇ ದಾರದಲ್ಲಿ ಪೋಣಿಸಿದಂತೆ ಕೇಳುತ್ತವೆ. ಪಿಯಾನೊ ವಾದಕರಿಗೂ ಇದೇ ತಾಪತ್ರಯ, ಅವರ ಸ್ವರವೂ ಆರುತ್ತದೆ. ಅವರಿಂದ ಕಲಿಯಬೇಕಾದ ವಿದ್ಯೆಯಿದು.

ಮೇಲಿನ ಉದಾಹರಣೆಯಲ್ಲಿ ಇ ಸ್ವರ ಮೂರನೆಯ ಬಾರಿನವರೆಗೂ ನಿಲ್ಲಬೇಕೆಂದೆವು. 60ರ ಗತಿಯಲ್ಲಿ ಅದು ಎಂಟು ಸೆಕೆಂಡಿಗೂ ಮೀರಿದ ಅವಧಿ, ಅದರಲ್ಲೂ ಟೊಳ್ಳು ಒಡಲಿನ ಗಿಟಾರಿನಲ್ಲಿ ಅಷ್ಟು ಹೊತ್ತು ಯಾವ ಸ್ವರವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಇಲ್ಲಿ ಕಿವಿಯನ್ನು ನಂಬಿಸುವ ಕೆಲಸವಿದೆ. ಎರಡನೆಯ ಬಾರಿನ ಆರಂಭದಲ್ಲಿ ನಡುಸ್ವರಗಳನ್ನಷ್ಟೇ ಮೆಲ್ಲಗೆ ಬದಲಿಸಿ, ಇ ತನ್ನ ಪಾಡಿಗೆ ಆರುತ್ತಿರಲಿ. ಮೂರನೆಯ ಬೀಟಿನ ಹೊತ್ತಿಗೆ ಅದನ್ನು ಹೊಸದಾಗಿ, ಆದರೆ ಪಿಸುಗುಟ್ಟುವಂತೆ ಮೀಟಿ. ಅದು ಹೊಸ ಸ್ವರವೆಂದು ಬಹುಪಾಲು ಜನ ಗಮನಿಸುವುದೇ ಇಲ್ಲ. ವೈಬ್ರಾಟೊ ಬೇಕೆನಿಸಿದರೆ ಆರಂಭದಲ್ಲಿ ಬೇಡ. ಸ್ವರ ನೇರವಾಗಿ ಹುಟ್ಟಲಿ, ಕುಗ್ಗತೊಡಗಿದ ಮೇಲೆ ಬೆರಳು ಸಣ್ಣಗೆ ಅಲುಗಲಿ. ಕಿವಿ ಆಗ ಗಟ್ಟಿತನವನ್ನು ಬಿಟ್ಟು ಆ ಅಲುಗಾಟವನ್ನು ಹಿಂಬಾಲಿಸುತ್ತದೆ.

ರಾಗದ ಸ್ವರ ಕಾರ್ಡಿನ ಸ್ವರಗಳಿಗಿಂತ ಯಾವಾಗಲೂ ಮುಂದೆ ಕೇಳಬೇಕು. ನಾಲ್ಕು ಸ್ವರಗಳನ್ನು ಬೆರಳುಗಳಿಂದ ಒಟ್ಟಿಗೆ ಎಳೆಯುವಾಗ ಮೇಲಿನದಕ್ಕೆ ಮಾತ್ರ ಹೆಚ್ಚು ತೂಕ ಕೊಡುವುದನ್ನು ರೂಢಿಸಿಕೊಳ್ಳಿ. ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ಉರುಳಿಸುವ ಅಭ್ಯಾಸವಿದ್ದರೆ ರಾಗದ ಸ್ವರ ಬೀಟಿನ ಮೇಲೆ ಸರಿಯಾಗಿ ಬೀಳುವಂತೆ ತಳಸ್ವರವನ್ನು ತುಸು ಮುಂಚೆಯೇ ಆರಂಭಿಸಬೇಕು. ಪ್ರತಿ ಕಾರ್ಡನ್ನೂ ಉರುಳಿಸಬೇಡಿ; ಮೂರನೆಯ ಸಲಕ್ಕೆ ಅದು ಚಟವಾಗಿ ಕಾಣುತ್ತದೆ.

ಮೌನದ ಬಗ್ಗೆ ಒಂದು ಮಾತು. ಸಾಲು ಮುಗಿದ ಮೇಲೆ ಎರಡು ಬೀಟು ಖಾಲಿ ಉಳಿದರೆ ಅಲ್ಲಿ ಏನನ್ನಾದರೂ ತುಂಬಬೇಕೆಂದು ಕೈ ತುರಿಸುತ್ತದೆ. ಮೊದಲ ಸುತ್ತಿನಲ್ಲಿ ಏನನ್ನೂ ತುಂಬದೆ ನುಡಿಸುವ ನಿಯಮವನ್ನು ಹಾಕಿಕೊಳ್ಳಿ. ಎರಡನೆಯ ಸುತ್ತಿನಲ್ಲಿ ನಿಜವಾಗಿಯೂ ಬೇಕೆನಿಸಿದ ಒಂದೆರಡು ಕಡೆ ಮಾತ್ರ ತುಂಬಿ.

ಸೊಲೊ ಎಷ್ಟು ಉದ್ದ?

ಒಂದು ಸುತ್ತಿಗೆ ಎರಡು ನಿಮಿಷಕ್ಕೂ ಮೇಲಾಗುವುದರಿಂದ ರಾಗ, ಒಂದು ಪೂರ್ಣ ಸೊಲೊ, ಮತ್ತೆ ಪೂರ್ಣ ರಾಗ ಎಂದರೆ ಆರು ನಿಮಿಷ ದಾಟುತ್ತದೆ. ಅದಕ್ಕಾಗಿಯೇ ಮೊದಲ ಹದಿನಾರು ಬಾರುಗಳಲ್ಲಿ ಸೊಲೊ ಮುಗಿಸಿ, ಬ್ರಿಡ್ಜ್‌ನಿಂದ ಮತ್ತೆ ಮೂಲರಾಗಕ್ಕೆ ಮರಳುವ ಪದ್ಧತಿ ಬ್ಯಾಲಡ್‌ಗಳಲ್ಲಿ ಬಹಳ ಬಳಕೆಯಲ್ಲಿದೆ. ಆರಂಭಿಕರು ಅದನ್ನೇ ಅನುಸರಿಸುವುದು ಕ್ಷೇಮ.

ಸೊಲೊದಲ್ಲಿ ಎರಡು ದಾರಿಗಳಿವೆ. ಕೋಲ್‌ಮನ್ ಹಾಕಿನ್ಸ್ 1939ರಲ್ಲಿ ಮೇಲೆ ಹೇಳಿದ ‘ಬಾಡಿ ಆ್ಯಂಡ್ ಸೋಲ್’ ಅನ್ನು ಸ್ಯಾಕ್ಸೊಫೋನಿನಲ್ಲಿ ಮುದ್ರಿಸಿದಾಗ ಆರಂಭದ ಕೆಲವು ಬಾರುಗಳ ನಂತರ ಮೂಲರಾಗವನ್ನು ಬಹುತೇಕ ಬಿಟ್ಟು, ಕಾರ್ಡುಗಳ ಮೇಲೆ ಎರಡು ಸುತ್ತು ಹೊಸದನ್ನೇ ಹೆಣೆದರು. ಅದು ಜಾಝ್ ಇತಿಹಾಸದ ಹೆಗ್ಗುರುತುಗಳಲ್ಲಿ ಒಂದು. ಆದರೆ ಉಸಿರಿನ ವಾದ್ಯಕ್ಕೆ ಒಗ್ಗಿದ್ದು ಮೀಟುವ ವಾದ್ಯಕ್ಕೆ ಹಾಗೆಯೇ ಒಗ್ಗುವುದಿಲ್ಲ: ಗಿಟಾರಿನಲ್ಲಿ ಅಂತಹ ನಿರಂತರ ಸಾಲುಗಳಿಗೆ ಹೊರಟರೆ ಸ್ವರಗಳ ಸಂಖ್ಯೆ ದುಪ್ಪಟ್ಟಾಗಿ ಬ್ಯಾಲಡ್‌ನ ಗುಣ ಕರಗಿಹೋಗುವ ಅಪಾಯವಿದೆ. ಎರಡನೆಯ ದಾರಿ ಮೂಲರಾಗವನ್ನೇ ತುಸು ಬಾಗಿಸುವುದು: ಒಂದು ಸಾಲನ್ನು ಎರಡು ಬೀಟು ತಡವಾಗಿ ಆರಂಭಿಸುವುದು, ಒಂದು ಸ್ವರವನ್ನು ಕೆಳಗಿನ ಫ್ರೆಟ್ಟಿನಿಂದ ಜಾರಿಸಿ ತಲುಪುವುದು, ಮೂರು ಸ್ವರಗಳ ತುಣುಕೊಂದನ್ನು ಮುಂದಿನ ಕಾರ್ಡಿನ ಮೇಲೆ ಬೇರೆ ಎತ್ತರದಲ್ಲಿ ಮತ್ತೆ ಹೇಳುವುದು. ನುಡಿಸುವುದನ್ನೇ ಮೆಲುದನಿಯಲ್ಲಿ ಹಾಡುತ್ತ ಹೋದರೆ, ಉಸಿರು ಮುಗಿದಾಗ ಸಾಲೂ ಮುಗಿಯುತ್ತದೆ.

ಜೊತೆಗಾರರಿದ್ದಾಗ

ಬಾಸ್ ವಾದಕರಿದ್ದರೆ ತಳಸ್ವರಗಳನ್ನು ಅವರಿಗೆ ಬಿಟ್ಟು ನಡುವಿನ ಎರಡು ತಂತಿ ಹಾಗೂ ರಾಗಕ್ಕೆ ನಿಮ್ಮ ಕೆಲಸವನ್ನು ಸೀಮಿತಗೊಳಿಸಿ. ಡ್ರಮ್ ಇದ್ದರೆ ಕೋಲುಗಳ ಬದಲು ಬ್ರಶ್ ಬಳಸಲು ಕೋರಿ. ಸ್ನೇರ್ ಮೇಲೆ ಬ್ರಶ್ ಸುತ್ತುವ ಎಡೆಬಿಡದ ಸರಸರ ಸದ್ದು ನಿಮ್ಮ ಸ್ವರ ಆರಿದ ಮೇಲಿನ ಜಾಗವನ್ನು ಹಿಡಿದಿಡುತ್ತದೆ. ಪಿಯಾನೊ ಜೊತೆಗಿದ್ದರೆ ಮಾತ್ರ ಎಚ್ಚರ ಬೇಕು, ಏಕೆಂದರೆ ಎರಡೂ ಕಾರ್ಡು ನುಡಿಸುವ ವಾದ್ಯಗಳು, ಎರಡರ ದನಿಯೂ ಅದೇ ಎತ್ತರದಲ್ಲಿ ಓಡಾಡುತ್ತದೆ. ಬಿಲ್ ಎವಾನ್ಸ್ ಮತ್ತು ಜಿಮ್ ಹಾಲ್ 1962ರಲ್ಲಿ ಪಿಯಾನೊ ಮತ್ತು ಗಿಟಾರ್ ಇಷ್ಟನ್ನೇ ಇಟ್ಟುಕೊಂಡು ಮಾಡಿದ ಧ್ವನಿಮುದ್ರಣವನ್ನು ಕೇಳಿದರೆ, ಇಬ್ಬರೂ ಎಷ್ಟನ್ನು ನುಡಿಸದೆ ಬಿಟ್ಟಿದ್ದಾರೆ ಎಂಬುದೇ ಪಾಠವಾಗುತ್ತದೆ.

ಕೊನೆಯ ಕಾರ್ಡು

ರಾಗ ಮೂಲಸ್ವರದಲ್ಲಿ, ಎಂದರೆ ನಮ್ಮ ಉದಾಹರಣೆಯ ಪ್ರಕಾರ ಜಿ ಸ್ವರದಲ್ಲಿ ಮುಗಿದರೆ ಮೇಜರ್ ಸೆವೆನ್ ಕಾರ್ಡನ್ನು ಅದರ ಕೆಳಗೆ ಇಡಬೇಡಿ. ಕಾರ್ಡಿನ ಎಫ್ ಶಾರ್ಪ್ ಮತ್ತು ರಾಗದ ಜಿ ಅರ್ಧ ಸ್ವರದ ನಂಟಿನವಾದ್ದರಿಂದ ಒಂದಕ್ಕೊಂದು ತಿಕ್ಕುತ್ತವೆ. ಅಲ್ಲಿ ಸಿಕ್ಸ್ ನೈನ್ ಕಾರ್ಡ್ ಹೊಂದುತ್ತದೆ: ಆರನೆಯ ತಂತಿಯಿಂದ ಒಂದನೆಯದರವರೆಗೆ ಕ್ರಮವಾಗಿ 3, 2, 2, 2, 3, 3ನೆಯ ಫ್ರೆಟ್ಟುಗಳು. ಇಡೀ ಹಾಡಿನಲ್ಲಿ ಆರೂ ತಂತಿಗಳನ್ನು ಬಳಸುವ ಕಾರ್ಡು ಇದೊಂದೇ ಆಗಿದ್ದರೆ ಅದರ ಅಗಲ ಎದ್ದು ಕೇಳುತ್ತದೆ. ಕೊನೆಯ ಎರಡು ಬಾರುಗಳಲ್ಲಿ ಗತಿಯನ್ನು ಸಡಿಲಗೊಳಿಸಿ, ಹೆಬ್ಬೆರಳಿನಿಂದ ತಳದಿಂದ ಮೇಲಕ್ಕೆ ಒಂದೊಂದೇ ತಂತಿಯನ್ನು ಬಿಡಿಸುತ್ತ ಹೋಗಿ, ಒಂದನೆಯ ತಂತಿಯ ಜಿ ಬರುವಾಗ ಉಳಿದವು ಆಗಲೇ ಅರ್ಧ ಆರಿರುವಷ್ಟು ನಿಧಾನವಾಗಿ. ಎಡಗೈ ಬೆರಳುಗಳನ್ನು ಎತ್ತಬೇಡಿ, ಬಲಗೈಯನ್ನು ತಂತಿಗಳ ಮೇಲೆ ಇಡಬೇಡಿ. ತಂತಿಗಳ ಸದ್ದು ಆ್ಯಂಪ್ಲಿಫೈಯರಿನ ಸಣ್ಣ ಗುಂಯ್‌ಗುಡುವಿಕೆಗಿಂತ ಕೆಳಗಿಳಿಯುವವರೆಗೆ ಕೈಗಳು ಹಾಗೆಯೇ ಇರಲಿ. ಆಮೇಲೆ ವಾಲ್ಯೂಮ್ ಗುಂಡಿಯನ್ನು ಸೊನ್ನೆಗೆ ತಿರುಗಿಸಿ.